ಅವ್ವನ ಕೈಯ ಬೇವು ಬೆಲ್ಲ

ಯುಗಾದಿ ಮುಗಿದು ಹತ್ತು ದಿನವಾಯಿತು. ಊರಿನಿಂದ ಮೈಸೂರಿಗೆ ವಾಪಸ್ ಬಂದು ಮನೆ, ಆಫೀಸು, ಮಗಳ ಪರೀಕ್ಷೆ ಅಂತ ಓಡಾಡುತ್ತಿದ್ದೇನೆ. ಆದರೂ ಹಬ್ಬದ ಬೆಳಗ್ಗೆ ನಮ್ಮ ಅಡುಗೆಮನೆಯಲ್ಲಿ ನಡೆದದ್ದು ಕಣ್ಣಿಂದ ಹೋಗುತ್ತಿಲ್ಲ. ಬರೆದುಬಿಡೋಣ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಊರು. ಅಪ್ಪ ಆಲೆಮನೆ ನಡೆಸುತ್ತಿದ್ದರು. ಒಂದು ಟನ್ ಕಬ್ಬು ಅರೆದರೆ ಹೆಚ್ಚೂಕಡಿಮೆ ನೂರು ಕೆಜಿ ಬೆಲ್ಲ ಬರುತ್ತದೆ. ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಹಾಕುತ್ತಾರೆ. ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ತೆಗೆಯುತ್ತಾ ಇರಬೇಕು. ಪಾಕ ಹದಕ್ಕೆ ಬಂತಾ ಅಂತ ನೋಡಲು ಅಪ್ಪ ಒಂದಿಷ್ಟು ತೆಗೆದು ತಣ್ಣೀರಿಗೆ ಬಿಡುತ್ತಿದ್ದರು. ಬೆರಳಲ್ಲಿ ಉಂಡೆ ಕಟ್ಟಿದರೆ ಕೊಪ್ಪರಿಗೆ ಇಳಿಸುವ ಹೊತ್ತು. ಬಣ್ಣ ಬರಲಿ ಅಂತ ಎಷ್ಟೋ ಕಡೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಅಪ್ಪ ಹಾಕುತ್ತಿರಲಿಲ್ಲ. ಹಾಗಾಗಿ ನಮ್ಮ ಬೆಲ್ಲ ಕಪ್ಪು. ಮಾರುಕಟ್ಟೆಯಲ್ಲಿ ಕಮ್ಮಿ ಬೆಲೆ ಕೂಗುತ್ತಿದ್ದರು. 'ನಮ್ಮ ಮನೆ ಮಕ್ಕಳು ತಿನ್ನೋದನ್ನೇ ಊರ ಮಕ್ಕಳಿಗೂ ಕೊಡೋದು' ಅಂತ ಹೇಳಿ ಸುಮ್ಮನಾಗುತ್ತಿದ್ದರು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಕೆಆರ್‌ಎಸ್ ಅಣೆಕಟ್ಟು ತುಂಬಲಿಲ್ಲ. ನಮ್ಮ ಕಬ್ಬು ಮೊಣಕಾಲೆತ್ತರಕ್ಕೇ ಒಣಗಿತು. ಗಾಣ ನಿಂತಿತು, ಸಾಲ ನಿಲ್ಲಲಿಲ್ಲ. ಅಪ್ಪ ಯಾರ ಹತ್ತಿರವೂ ಹೇಳಿಕೊಳ್ಳುವವರಲ್ಲ. 2024ರ ಮಾರ್ಚ್ 21ರಂದು ಚೆಲುವನಾರಾಯಣಸ್ವಾಮಿಯ ವಜ್ರದ ಕಿರೀಟ, ವೈರಮುಡಿಯ ಪೆಟ್ಟಿಗೆ ಮಂಡ್ಯದ ಖಜಾನೆಯಿಂದ ಮೇಲುಕೋಟೆಗೆ ಹೊರಟಾಗ, ಪ್ರತಿ ವರ್ಷದ ಹಾಗೆ ರಸ್ತೆ ಬದಿಯಲ್ಲಿ ನಿಂತು ಕಾಯಿ ಒಡೆದು ಬಂದರು. ಅದಾಗಿ ಒಂದು ವಾರಕ್ಕೆ, ರಾತ್ರಿ ಎದೆ ಹಿಡಿದುಕೊಂಡು ಕೂತರು. ಮೈಸೂರು ಮುಟ್ಟಲಿಲ್ಲ.

ಆ ವರ್ಷದ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಹನ್ನೊಂದನೇ ದಿನದ ತಿಥಿಯ ಪಾತ್ರೆಗಳು ಇನ್ನೂ ಹಿತ್ತಲಲ್ಲಿದ್ದವು. ನಮ್ಮ ಮನೆ ಬಾಗಿಲಿಗೆ ಮಾವಿನ ತೋರಣ ಇರಲಿಲ್ಲ.

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ. ಒಲೆಯ ಮೇಲೆ ಬಾಣಲೆ ಇಡುವುದಿಲ್ಲ, ಹೋಳಿಗೆ ತಟ್ಟುವುದಿಲ್ಲ. ಚಿಕ್ಕವಳಿದ್ದಾಗ ಇದೆಲ್ಲ ಕಟ್ಟುಪಾಡು ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಈ ಪದ್ಧತಿ ನನ್ನ ತಮ್ಮನನ್ನು ಉಳಿಸಿತು ಅಂತಲೇ ನಾನು ನಂಬುತ್ತೇನೆ. ಗೌರಿ ಬಂತು, ದಸರಾ ಬಂತು, ದೀಪಾವಳಿ ಬಂತು, ಸಂಕ್ರಾಂತಿ ಬಂತು. ಯಾರೂ ಅವನಿಗೆ 'ಎದ್ದೇಳು, ಹೊಸ ಬಟ್ಟೆ ಹಾಕ್ಕೋ, ನಗು' ಅನ್ನಲಿಲ್ಲ. ಒಂದು ವರ್ಷ ಸಂತೋಷವಾಗಿ ಇರಬೇಕಾಗಿಲ್ಲ ಅಂತ ಊರೇ ಒಪ್ಪಿಕೊಂಡಿತ್ತು. ಹಬ್ಬದ ದಿನ ಅಕ್ಕಪಕ್ಕದವರು ಬಾಳೆಎಲೆ ಮುಚ್ಚಿ ತಂದು ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಮಾತಾಡುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ, ಅಲ್ವಾ?

ನನ್ನ ಕಥೆ ಬೇರೆ. 'ನೀನು ಕೊಟ್ಟ ಹೆಣ್ಣು, ನಿನ್ ಮನೇಲಿ ಹಬ್ಬ ನಿಲ್ಲಿಸೋ ಹಾಗಿಲ್ಲ' ಅಂದರು ಹಿರಿಯರು. ಗಂಡನ ಮನೆಯವರು ಒಳ್ಳೆಯವರು, ಒತ್ತಾಯ ಮಾಡಲಿಲ್ಲ. ಆದರೂ ಮಗಳಿಗೋಸ್ಕರ ಹಬ್ಬ ಮಾಡಿದೆ. ಹೋಳಿಗೆ ತಟ್ಟಿದೆ, ಹೂರಣಕ್ಕೆ ಅಂಗಡಿಯ ಹಳದಿ ಬೆಲ್ಲ ಹಾಕಿದೆ. ಊರಲ್ಲಿ ಅವ್ವ ಕತ್ತಲೆಯಲ್ಲಿ ಕೂತಿರುವಾಗ ಇಲ್ಲಿ ನಾನು ದೀಪ ಹಚ್ಚುತ್ತಿದ್ದೇನಲ್ಲ ಅಂತ ಕೈ ನಡುಗುತ್ತಿತ್ತು. ಮದುವೆಯಾದ ಹೆಣ್ಣುಮಕ್ಕಳ ದುಃಖಕ್ಕೆ ನಮ್ಮಲ್ಲಿ ಜಾಗ ಇಟ್ಟಿಲ್ಲ. ಇದನ್ನು ಓದುತ್ತಿರುವ ಎಷ್ಟು ಜನ ಅಕ್ಕತಂಗಿಯರು ಹೀಗೆ ಹಬ್ಬ ಮಾಡಿದ್ದೀರೋ.

2024ರ ಜುಲೈನಲ್ಲಿ ಕೆಆರ್‌ಎಸ್ ತುಂಬಿತು. ನಾಲೆಗೆ ನೀರು ಬಂತು. ತಮ್ಮ ಫೋನ್ ಮಾಡಿ 'ಅಕ್ಕ, ನೀರು ಬಂತು' ಅಂದ. ಆಮೇಲೆ ಇಬ್ಬರಿಗೂ ಮಾತು ಬರಲಿಲ್ಲ. ಅಪ್ಪ ಆ ನೀರು ನೋಡಬೇಕಿತ್ತು.

ಈ ವರ್ಷ ಫಾಲ್ಗುಣದಲ್ಲಿ ವರ್ಷದ ತಿಥಿ ಆಯಿತು. ಅದಾದ ಕೆಲವೇ ದಿನಕ್ಕೆ, 2025ರ ಮಾರ್ಚ್ 30ಕ್ಕೆ ಯುಗಾದಿ. ಹೊಸ ಸಂವತ್ಸರ ವಿಶ್ವಾವಸು. ನಮ್ಮ ಮನೆಗೆ ವರ್ಷದ ಮೇಲೆ ಬಂದ ಮೊದಲ ಹಬ್ಬ. ಬೆಳಗಿನ ಜಾವವೇ ಎದ್ದು ಎಲ್ಲರೂ ಎಣ್ಣೆ ಸ್ನಾನ ಮಾಡಿದೆವು. ತಮ್ಮ ತೋರಣ ಕಟ್ಟಿದ. ಹೊನ್ನಾರು, ಅಂದರೆ ಹೊಸ ವರ್ಷದ ಮೊದಲ ಉಳುಮೆ, ಕಟ್ಟುವುದಕ್ಕೆ ನಮ್ಮಲ್ಲಿ ಈಗ ಎತ್ತಿಲ್ಲ. ಪಕ್ಕದ ಮನೆಯ ಜೋಡಿ ತಂದು, ಕೊಂಬಿಗೆ ಹೂ ಸುತ್ತಿ, ಗದ್ದೆಯಲ್ಲಿ ನಾಲ್ಕು ಸುತ್ತು ನೇಗಿಲು ಹೊಡೆದು ಬಂದ. ಅಪ್ಪ ಕಟ್ಟುತ್ತಿದ್ದ ಹಳೇ ರುಮಾಲು ಅವನ ತಲೆಯಲ್ಲಿತ್ತು.

ನಮ್ಮ ಮನೆಯಲ್ಲಿ ಬೇವು ಬೆಲ್ಲ ಕಲಸಿ ಎಲ್ಲರ ಅಂಗೈಗೆ ಹಾಕುತ್ತಿದ್ದವಳು ಅವ್ವ. ಮದುವೆಯಾಗಿ ಬಂದ ಮೊದಲ ವರ್ಷದಿಂದ ಅವಳೇ. ಬೆಲ್ಲ ಆಲೆಮನೆಯದು, ಬೇವಿನ ಹೂ ಬಾವಿ ಹತ್ತಿರದ ಮರದ್ದು. ಹಿಂದಿನ ರಾತ್ರಿಯೇ ಸೋದರತ್ತೆ ಹೇಳಿದ್ದರು, 'ಈ ಸಲ ಸೊಸೆ ಕೊಡ್ಲಿ. ವರ್ಸದ ಮೊದಲ್ನೇ ದಿನ. ಅವ್ಳ ಕೈಲಿ ಬ್ಯಾಡ.'

ನನಗೆ ಸಿಟ್ಟು ಬಂತು. ಅವ್ವನೇ ತಡೆದಳು. 'ಬುಡು ಕಣವ್ವ. ಅವ್ರು ಯೋಳೋದು ಸರೀನೇ. ನನ್ ಕೈಲಿ ಯಾಕೆ.' ಹೇಳಿ ಅಡುಗೆಮನೆಯ ಮೂಲೆಗೆ ಹೋಗಿ ಅವರೆಕಾಳು ಬಿಡಿಸಲು ಕೂತಳು. ಅವಳ ಬರಿಗೈ ನೋಡಿ ನನಗೆ ಹನ್ನೊಂದನೇ ದಿನ ನೆನಪಾಯಿತು. ಅವತ್ತು ಬಳೆ ತೆಗೆಸುವಾಗಲೂ ಅವಳು ಹೀಗೇ ತಲೆ ತಗ್ಗಿಸಿ ಕೂತಿದ್ದಳು. ನಾನು ಅವತ್ತು ಏನೂ ಅನ್ನಲಿಲ್ಲ. ಅದು ನನ್ನನ್ನು ಇಡೀ ವರ್ಷ ಕಾಡಿದೆ.

ಬೆಳಗ್ಗೆ ಪೂಜೆ ಆಯಿತು. ತಮ್ಮನ ಹೆಂಡತಿ ತಟ್ಟೆಯಲ್ಲಿ ಬೇವು, ಬೆಲ್ಲ ಇಟ್ಟುಕೊಂಡು ದೇವರ ಮುಂದೆ ನಿಂತಳು. ಎಲ್ಲರೂ ಕೈ ಚಾಚಿದೆವು. ಅವಳು ಕೊಡಲಿಲ್ಲ. ತಟ್ಟೆ ಹಿಡಿದುಕೊಂಡು ನೇರ ಅಡುಗೆಮನೆಗೆ ಹೋದಳು. 'ಅತ್ತೆ, ಬೇವೆಷ್ಟು ಬೆಲ್ಲವೆಷ್ಟು ಅಂತ ನಂಗೆ ಗೊತ್ತಾಗ್ತಿಲ್ಲ. ನೀವು ಕಲಸ್ಕೊಡಿ' ಅಂದಳು. ಅವ್ವ ಕಲಸಿದಳು. ತಟ್ಟೆ ವಾಪಸ್ ಕೊಡಲು ಹೋದಳು. ಹುಡುಗಿ ತಟ್ಟೆ ತೆಗೆದುಕೊಳ್ಳಲೇ ಇಲ್ಲ. ಅಂಗೈ ಚಾಚಿದಳು. 'ಮೊದ್ಲು ನಂಗೆ' ಅಂದಳು.

ಅಷ್ಟೇ. ಜಗಳ ಇಲ್ಲ, ಭಾಷಣ ಇಲ್ಲ. ನಾನು ವರ್ಷವಿಡೀ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಆ ಹುಡುಗಿಯ ಅಂಗೈ ಮುಂದೆ ಏನೂ ಅಲ್ಲ. ನಮ್ಮ ಮನೆಗೆ ಬಂದು ಇನ್ನೂ ಮೂರು ವರ್ಷ ಅವಳಿಗೆ.

ತಮ್ಮ ಹೋದ, ನಾನು ಹೋದೆ, ಮಕ್ಕಳು ಹೋದರು. ಅವ್ವ ಒಬ್ಬೊಬ್ಬರಿಗೂ ಕೊಟ್ಟಳು. ಸೋದರತ್ತೆ ನಡುಮನೆಯ ಕಂಬ ಹಿಡಿದು ನಿಂತೇ ಇದ್ದರು. ಅವ್ವ ತಾನಾಗಿಯೇ ಎದ್ದು ಅವರ ಹತ್ತಿರ ಹೋದಳು. ಅತ್ತೆ ಕೈ ಚಾಚಲಿಲ್ಲ, ಅತ್ತರು. 'ಇಪ್ಪತ್ತೆರಡು ವರ್ಸ ಆಯ್ತು ಕಣೆ ನಮ್ಮೆಜಮಾನ್ರು ಹೋಗಿ. ಅವತ್ತಿಂದ ನಾನು ಯಾರಿಗೂ ಬೇವು ಬೆಲ್ಲ ಕೊಟ್ಟಿಲ್ಲ. ಕೊಡು ಅಂತ ಯಾರೂ ಅನ್ನಲೂ ಇಲ್ಲ' ಅಂದರು.

ಹಿಂದಿನ ರಾತ್ರಿ ಇವರ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡಿದ್ದೆ! ಅವರು ಕೆಟ್ಟವರಲ್ಲ. ತಮಗೆ ಮಾಡಿದ್ದನ್ನೇ ಸರಿ ಅಂತ ನಂಬಿಕೊಂಡು ಇಪ್ಪತ್ತೆರಡು ವರ್ಷ ಬದುಕಿದವರು. ಅದು ತಪ್ಪು ಅಂತ ಒಪ್ಪಿಕೊಂಡರೆ, ಕಳೆದುಹೋದ ಅಷ್ಟೂ ಯುಗಾದಿಗಳನ್ನು ಅವರಿಗೆ ಯಾರು ವಾಪಸ್ ಕೊಡುತ್ತಾರೆ?

ನಾನು ದೇವರನ್ನು ನಂಬುವವಳು. ದಿನಾ ದೀಪ ಹಚ್ಚುತ್ತೇನೆ. ನನ್ನ ಮಾತು ಯಾರ ನಂಬಿಕೆಗೂ ವಿರುದ್ಧ ಅಲ್ಲ. ವರ್ಷ ತುಂಬುವ ತನಕ ಹಬ್ಬ ಬೇಡ ಅನ್ನುವುದು ನನಗೆ ಒಪ್ಪಿಗೆ. ಆದರೆ ವರ್ಷ ತುಂಬಿದ ಮೇಲೆ ಮನೆಗೆ ಹಬ್ಬ ಬರುತ್ತದೆ ಅಂದರೆ, ಆ ಮನೆಯ ಎಲ್ಲರಿಗೂ ಬರಬೇಕು. ಮಗನ ಸೂತಕ ಮುಗಿಯುತ್ತದೆ, ಮೊಮ್ಮಕ್ಕಳದು ಮುಗಿಯುತ್ತದೆ. ಅಪ್ಪನ ಜೊತೆ ನಲವತ್ತು ವರ್ಷ ಬೆಂಕಿಯ ಮುಂದೆ ದುಡಿದವಳದು ಮಾತ್ರ ಸಾಯುವ ತನಕ ಅಂದರೆ ಹೇಗೆ? ಶಾಸ್ತ್ರ ಒಪ್ಪುವುದಿಲ್ಲ ಅನ್ನುವವರಿಗೆ ಒಂದು ಮಾತು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ, ಗಂಡನನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳನ್ನು 2013ರಲ್ಲಿ ಅರ್ಚಕರನ್ನಾಗಿ ಮಾಡಿದರು. ಅವರು ದೇವರಿಗೇ ಮಂಗಳಾರತಿ ಎತ್ತಬಹುದಾದರೆ, ನಮ್ಮ ಅವ್ವಂದಿರು ಸ್ವಂತ ಮಕ್ಕಳಿಗೆ ಒಂದು ಚೂರು ಬೆಲ್ಲ ಕೊಡಬಾರದೇ?

ನಿಮ್ಮ ಮನೆಯಲ್ಲೂ ಇಂಥ ಅವ್ವ, ಅತ್ತೆ, ಅಜ್ಜಿ ಮೂಲೆಯಲ್ಲಿ ಕೂತಿದ್ದರೆ, ಬೇಕಾ ಅಂತ ಕೇಳಬೇಡಿ. ಕೇಳಿದರೆ ಬೇಡ ಅಂತಲೇ ಅನ್ನುತ್ತಾರೆ. ಸುಮ್ನೆ ಹೋಗಿ ಕೈ ಚಾಚಿ.

ಇನ್ನೊಂದು ಹೇಳದೆ ಇರಲಾರೆ. ಅಪ್ಪನ ಬೆಲ್ಲವನ್ನು ಮಂಡ್ಯಕ್ಕೆ ಸಾಗಿಸುತ್ತಿದ್ದ ಟೆಂಪೋ ಮಾಮ ನಮ್ಮ ಬೀದಿಯ ಕೊನೆಯಲ್ಲಿದ್ದಾರೆ. ಮುಸಲ್ಮಾನರು. ಅವ್ವನನ್ನು ಅಕ್ಕ ಅನ್ನುತ್ತಾರೆ. ಹೋದ ವರ್ಷ ಯುಗಾದಿಯಾದ ಎರಡೇ ದಿನಕ್ಕೆ ರಂಜಾನ್ ಇತ್ತು. 'ಅಕ್ಕನ ಮನೇಲಿ ಹಿಂಗಾಗೈತೆ' ಅಂತ ಅವರೂ ಮಕ್ಕಳಿಗೆ ಹೊಸ ಬಟ್ಟೆ ತಂದಿರಲಿಲ್ಲ. ಈ ಸಲ ಯುಗಾದಿಯ ಸಂಜೆ ನಾವು ಹೊಸ ಚಂದ್ರನನ್ನು ನೋಡಲು ತಾರಸಿ ಹತ್ತಿದರೆ, ಅವರೂ ಅವರ ತಾರಸಿಯ ಮೇಲೆ ನಿಂತಿದ್ದರು, ರಂಜಾನ್ ಚಂದ್ರನಿಗಾಗಿ. ಒಂದೇ ಚಂದ್ರ, ಉಗುರಿನಷ್ಟು ತೆಳ್ಳಗೆ. ಮೊದಲು ಕಂಡದ್ದು ಅವರ ಮಗನಿಗೆ. 'ಅಲ್ಲಿ, ತೆಂಗಿನ ಮರದ ಮೇಲೆ' ಅಂತ ಅಲ್ಲಿಂದಲೇ ಕೂಗಿ ತೋರಿಸಿದ. ಚಂದ್ರನನ್ನು ನೋಡಿ ಹಿರಿಯರಿಗೆ ನಮಸ್ಕಾರ ಮಾಡುವುದು ನಮ್ಮ ರೂಢಿ. ಅವ್ವನ ಕಾಲು ಮುಟ್ಟಿದೆವು, ಸೋದರತ್ತೆಯ ಕಾಲೂ ಮುಟ್ಟಿದೆವು. ಮಾರನೆಯ ದಿನ ನಮಗೆ ಹೊಸ ತೊಡಕಿನ ಬಾಡೂಟ, ಅವರಿಗೆ ಹಬ್ಬ. ನಮ್ಮ ಮನೆಯ ಸಾರಿನ ಘಮ ಆ ಕಡೆ, ಅವರ ಶೀರ್ ಖುರ್ಮಾ ಈ ಕಡೆ.

ಸಾಲ ಇನ್ನೂ ಇದೆ. ಅಪ್ಪ ಮಲಗುತ್ತಿದ್ದ ಮಂಚದಲ್ಲಿ ಈಗಲೂ ಯಾರೂ ಮಲಗುವುದಿಲ್ಲ. ರಾತ್ರಿ ಅವ್ವ ಅಳುವುದೂ ನಿಂತಿಲ್ಲ ಅಂತ ತಮ್ಮನ ಹೆಂಡತಿ ಹೇಳಿದಳು.

ಮೊನ್ನೆ ಸೋಮವಾರ ವೈರಮುಡಿ. ಪೆಟ್ಟಿಗೆ ಬರುವ ಹೊತ್ತಿಗೆ ಅವ್ವ ತಾನೇ ಕಾಯಿ ಹಿಡಿದುಕೊಂಡು ರಸ್ತೆಗೆ ಹೋದಳಂತೆ. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದಳಂತೆ. ಸೋದರತ್ತೆಯೂ ಜೊತೆಗಿದ್ದರು. ತಮ್ಮ ಫೋಟೋ ಕಳಿಸಿದ್ದಾನೆ. ಇಬ್ಬರ ಕೈಯಲ್ಲೂ ಒಂದೊಂದು ಹಸಿರು ಗಾಜಿನ ಬಳೆ ಇದೆ. ಯಾರು ತೊಡಿಸಿದರು ಅಂತ ನಾನು ಕೇಳಲಿಲ್ಲ.

ಮುಂದಿನ ವಾರ ಗಾಣ ಶುರು ಮಾಡುತ್ತಾರಂತೆ. ತಮ್ಮನಿಗೆ ಪಾಕ ನೋಡುವುದು ಇನ್ನೂ ಸರಿಯಾಗಿ ಬರುವುದಿಲ್ಲ. ಅವ್ವ ಕೊಪ್ಪರಿಗೆ ಪಕ್ಕ ತಣ್ಣೀರಿನ ಬಟ್ಟಲು ಇಟ್ಟುಕೊಂಡು ಕೂರುತ್ತೇನೆ ಅಂದಿದ್ದಾಳೆ. ಮೊದಲ ಅಚ್ಚು ಟೆಂಪೋ ಮಾಮನ ಮನೆಗೆ, ಎರಡನೆಯದು ಸೋದರತ್ತೆಗೆ. ಮೂರನೆಯದು ನನಗೆ, ಮೈಸೂರಿಗೆ.