ಬೂದಿಯಲ್ಲಿ ಹಬ್ಬಿದ ಗುಡಿಗಳು, ಮೃತ್ತಿಕೆಯಲ್ಲಿ ಹಬ್ಬಿದ ಬೃಂದಾವನಗಳು

ಸಿಂಗಪುರದ ತೆಲೊಕ್ ಆಯರ್ ರಸ್ತೆಯ ಥಿಯಾನ್ ಹಾಕ್ ಕೆಂಗ್ ದೇವಸ್ಥಾನಕ್ಕೆ ಮೊದಲ ಸಲ ಹೋದಾಗ, ಊರಿನ ಅಭ್ಯಾಸದಂತೆ ನನ್ನ ಕಣ್ಣು ನೇರವಾಗಿ ಮೂರ್ತಿಯ ಕಡೆಗೆ ಹೋಯಿತು. ಅಲ್ಲಿಯ ಭಕ್ತರ ಲಕ್ಷ್ಯವೆಲ್ಲ ಮೂರ್ತಿಯ ಮುಂದಿನ ಬೂದಿ ತುಂಬಿದ ಧೂಪದ ಪಾತ್ರೆಯ ಮೇಲಿತ್ತು. ಚೀನಾದ ಫೂಜಿಯಾನ್ ಪ್ರಾಂತ್ಯದ ಮೂಲದ ವಲಸಿಗರು 1839ರಿಂದ 1842ರವರೆಗೆ ಕಟ್ಟಿಸಿದ ಈ ಗುಡಿಯ ಅಧಿದೇವತೆ ಸಮುದ್ರಯಾನಿಗಳನ್ನು ಕಾಯುವ ಮಾಜು. ಆಕೆಯ ಮೂಲಸ್ಥಾನ ಫೂಜಿಯಾನ್ ಕರಾವಳಿಯ ಮೇಯ್‌ಜೌ ದ್ವೀಪ.

ಚೀನಾದ ಮಿಂಗ್ ಮತ್ತು ಚಿಂಗ್ ಅರಸರ ಕಾಲದಲ್ಲಿ, ಅಲ್ಲಿನ ಹಳೆಯ ದಾವ್ (ತಾವೋ) ಮತದ ಲೆಕ್ಕಕ್ಕೆ ನಾನು ಸೇರಿಸುವ ಇಂಥ ಗುಡಿಗಳು ಒಂದರಿಂದ ಇನ್ನೊಂದಾಗಿ ಹುಟ್ಟಿದ ಬಗೆಗೆ ‘ಫೆನ್‌ಶಿಯಾಂಗ್’, ಅಂದರೆ ಧೂಪವನ್ನು ಪಾಲು ಮಾಡುವುದು ಎಂದು ಹೆಸರು. ಹಳೆಯ ಗುಡಿಯ ಪಾತ್ರೆಯಿಂದ ಒಂದಿಷ್ಟು ಬೂದಿಯನ್ನು ತಂದು ಹೊಸ ಗುಡಿಯ ಪಾತ್ರೆಯಲ್ಲಿಟ್ಟರೆ ಅದು ಮಗಳ ಗುಡಿಯಾಗುತ್ತದೆ; ಶಕ್ತಿ ಕುಂದದಿರಲು ಮಗಳು ಆಗಾಗ ತವರಿಗೆ ಯಾತ್ರೆ ಹೋಗಿ ಧೂಪವನ್ನು ಹೊಸದಾಗಿ ತರಬೇಕು. ಮಾಜು ಜನಪದ ದೇವತೆಯಲ್ಲವೇ, ಇದನ್ನು ದಾವ್ ಮತದ ಲೆಕ್ಕಕ್ಕೆ ಹೇಗೆ ಸೇರಿಸುವುದು ಎಂದು ಕೇಳುವವರಿದ್ದಾರೆ. 1445ರಲ್ಲಿ ಮಿಂಗ್ ಆಸ್ಥಾನ ಮುದ್ರಿಸಿದ ದಾವ್ ಗ್ರಂಥಭಂಡಾರದಲ್ಲಿ ಆಕೆಯ ಹೆಸರಿನ ಸೂತ್ರವೇ ಒಂದಿದೆ, ಮತ್ತು ಗುಡಿಗಳ ದೊಡ್ಡ ಶಾಂತಿಕರ್ಮಗಳನ್ನು ನಡೆಸುತ್ತಿದ್ದವರು ದಾವ್ ಪುರೋಹಿತರು. ಹಾಗಾಗಿ ಜನಪದಕ್ಕೂ ದಾವ್ ಮತಕ್ಕೂ ನಡುವಿನ ಗೆರೆ ಪುಸ್ತಕದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಊರಿನಲ್ಲಿ ಕಾಣುವುದಿಲ್ಲ.

ಈ ಪುರೋಹಿತರ ಜಾಲ ಬೇರೆಯದು. ಜಿಯಾಂಗ್‌ಶಿ ಪ್ರಾಂತ್ಯದ ಲೊಂಗ್‌ಹೂ ಬೆಟ್ಟದಲ್ಲಿ ವಂಶಪಾರಂಪರ್ಯವಾಗಿ ಬಂದ ಜಾಂಗ್ ಮನೆತನದ ಗುರುಗಳಿಂದ ಅವರು ದೀಕ್ಷಾಪತ್ರ ಪಡೆಯುತ್ತಿದ್ದರು. ಬ್ರಹ್ಮಚಾರಿ ಸಾಧಕರ ಜಾಲ ಮತ್ತೊಂದು: ಬೀಜಿಂಗ್‌ನ ಬೈಯುನ್ ಗುವಾನ್ ಮಠದಲ್ಲಿ ವಾಂಗ್ ಚಾಂಗ್‌ಯುಯೆ 1656ರಿಂದ ಸಾಮೂಹಿಕ ದೀಕ್ಷೆ ಕೊಡತೊಡಗಿದ ಮೇಲೆ ಲೊಂಗ್‌ಮೆನ್ ಪರಂಪರೆ ದೇಶದುದ್ದಕ್ಕೂ ಹರಡಿತು. ಗುರುವಿನಿಂದ ಶಿಷ್ಯನಿಗೆ ಇಳಿಯುವ ಸಣ್ಣ ಗುಡಿಗಳಲ್ಲಿ ಎಳೆಯ ಶಿಷ್ಯರು ಸೇರುತ್ತಿದ್ದರು. ಎಲ್ಲ ಊರಿನ ಸಾಧಕರಿಗೂ ತೆರೆದಿದ್ದ ದೊಡ್ಡ ಮಠಗಳು ಅವರಿಗೆ ಪೂರ್ಣದೀಕ್ಷೆ ಮತ್ತು ಸಂಚಾರದಲ್ಲಿ ತಂಗಲು ಜಾಗ ಕೊಡುತ್ತಿದ್ದವು. ಮೂಲಪೀಠ, ಶಾಖಾಮಠ, ಚರಮೂರ್ತಿ ಎಂಬ ಮಾತುಗಳನ್ನು ಕೇಳುತ್ತ ಬೆಳೆದ ನನಗೆ ಈ ಎರಡು ಜಾಲಗಳು ಹೊಸದೆನಿಸಲಿಲ್ಲ.

ಬೂದಿಯ ಜಾಲ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು, ಏಕೆಂದರೆ ಅದಕ್ಕೆ ಸಾಟಿಯಾದದ್ದು ನಮ್ಮಲ್ಲೂ ಇದೆ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನ ಪ್ರವೇಶಿಸಿದ ಮಂತ್ರಾಲಯದಿಂದ ಮೃತ್ತಿಕೆಯನ್ನು ತಂದು ಊರೂರಲ್ಲಿ, ಈಗ ಪರದೇಶಗಳಲ್ಲಿಯೂ, ಮೃತ್ತಿಕಾ ಬೃಂದಾವನಗಳನ್ನು ಪ್ರತಿಷ್ಠಾಪಿಸುತ್ತಾರೆ. ಆದರೆ ಆ ಮಣ್ಣು ಸಾಮಾನ್ಯವಾಗಿ ಮಂತ್ರಾಲಯದಿಂದಲೇ ಬರಬೇಕು, ಮತ್ತು ಒಮ್ಮೆ ಪ್ರತಿಷ್ಠೆಯಾದರೆ ಸನ್ನಿಧಾನ ಅಲ್ಲಿ ಶಾಶ್ವತ. ಭಕ್ತ ಮಂತ್ರಾಲಯಕ್ಕೆ ಹೋಗುವುದು ತನ್ನ ಭಕ್ತಿಗಾಗಿ, ಬೃಂದಾವನಕ್ಕೆ ಶಕ್ತಿ ತುಂಬಿಸಲು ಅಲ್ಲ. ಚೀನೀಯರಲ್ಲಿ ಮಗಳ ಗುಡಿ ತಾನೇ ತಾಯಾಗಿ ಮೊಮ್ಮಗಳನ್ನು ಹೆರಬಹುದು. ಆಲದ ಬಿಳಲು ನೆಲ ಮುಟ್ಟಿ ಕಾಂಡವಾಗುವಂತೆ ವರ್ತಕರು, ಬೆಸ್ತರು, ವಲಸೆಗಾರರು ಯಾವ ಪೀಠದ ಅಪ್ಪಣೆಗೂ ಕಾಯದೆ ತೈವಾನಿನಿಂದ ಮಲಕ್ಕಾದವರೆಗೆ ಗುಡಿ ಕಟ್ಟಿಕೊಂಡದ್ದು ಈ ಸಲಿಗೆಯಿಂದ ಎಂದೇ ನನ್ನ ಎಣಿಕೆ. ಚಿಯೆನ್‌ಲೊಂಗ್ ಚಕ್ರವರ್ತಿ ಜಾಂಗ್ ಗುರುಗಳ ದರ್ಜೆಯನ್ನು ಇಳಿಸಿದಾಗ ಪೀಠದ ಮಾನಕ್ಕೆ ಪೆಟ್ಟು ಬಿತ್ತು. ಬೂದಿಯ ಜಾಲಕ್ಕೆ ಇಳಿಸಲು ದರ್ಜೆಯೇ ಇರಲಿಲ್ಲ.

ಈ ಸಲಿಗೆಗೆ ತೆರಬೇಕಾದ ಬೆಲೆಯೂ ಉಂಟು. ಯಾರು ತಾಯಿ, ಯಾರು ಮಗಳು ಎಂಬ ಜಗಳ ಅಲ್ಲಿ ಮುಗಿಯುವುದೇ ಇಲ್ಲ. ತೈವಾನಿನ ದಾಜಿಯಾ ಊರಿನ ಮಾಜು ಗುಡಿಯವರು ಬೇಯ್‌ಗಾಂಗ್ ಗುಡಿಗೆ ವರ್ಷವರ್ಷವೂ ಯಾತ್ರೆ ಹೋಗುತ್ತಿದ್ದರು. 1987ರಲ್ಲಿ ನೇರವಾಗಿ ಮೇಯ್‌ಜೌಗೆ ಹೋಗಿ ಬಂದ ಮೇಲೆ, ತಾವು ಬೇಯ್‌ಗಾಂಗಿನ ಮಗಳಲ್ಲವೆಂದು 1988ರಿಂದ ಯಾತ್ರೆಯ ದಾರಿಯನ್ನೇ ಶಿನ್‌ಗಾಂಗಿನ ಮಾಜು ಗುಡಿಯ ಕಡೆಗೆ ತಿರುಗಿಸಿದರು. ಮೃತ್ತಿಕಾ ಬೃಂದಾವನಗಳೆಲ್ಲ ಒಂದೇ ತಾಯಿಯ ಮಕ್ಕಳಾದ್ದರಿಂದ ನಮಗೆ ಹಿರಿತನದ ಈ ತಂಟೆ ಇಲ್ಲ.

ಥಿಯಾನ್ ಹಾಕ್ ಕೆಂಗ್‌ಗೆ 1907ರಲ್ಲಿ ಗುವಾಂಗ್‌ಶು ಚಕ್ರವರ್ತಿಯಿಂದ, ದಕ್ಷಿಣ ಸಮುದ್ರದ ಅಲೆಗಳು ಶಾಂತವಾಗಿವೆ ಎಂಬ ಅರ್ಥದ ನಾಲ್ಕು ಅಕ್ಷರಗಳ ಬರಹ ಬಂತು. ಆ ವೇಳೆಗೆ ಗುಡಿಗೆ ಅರವತ್ತೈದು ವರ್ಷ ತುಂಬಿತ್ತು.