ಗಂಟೇ ಇಲ್ಲ ಅಂದ್ಮೇಲೆ ಕತ್ತು ಯಾಕೆ ಕುಯ್ಬೇಕು?

ನಮ್ಮ ಚಿಕ್ಕಪ್ಪನ ನಾಲಿಗೆ ಬದಿಯಲ್ಲಿ ಒಂದು ಹುಣ್ಣು, ಎರಡು ತಿಂಗಳಾದ್ರೂ ಮಾಯ್ಲಿಲ್ಲ. ಹಲ್ಲು ತಾಗಿರ್ಬೇಕು ಬಿಡು ಅಂತ ಅವ್ರು, ಆ ಎಲೆ-ಅಡಿಕೆ ಉಗೀರಿ ಮೊದ್ಲು ಅಂತ ಚಿಕ್ಕಮ್ಮ. ಬಯಾಪ್ಸಿ ಮಾಡ್ಸಿದ್ರೆ ಕ್ಯಾನ್ಸರ್. ಸಣ್ಣದಿದೆ, ಬೇಗ ಬಂದಿದೀರಿ ಅಂದ್ರು ಡಾಕ್ಟ್ರು, ನಮಗೆ ಹೋದ ಜೀವ ಬಂತು, ಅಷ್ಟ್ರಲ್ಲಿ "ನಾಲಿಗೆ ಜೊತೆಗೆ ಕತ್ತಿನ ಗಂಟುಗಳನ್ನೂ ತೆಗೀತೀವಿ" ಅಂದ್ಬಿಟ್ರು. ಗಂಟು ಅಂದ್ರೆ ಎಲ್ಲರ ಕತ್ತಲ್ಲೂ ಇರೋ ಸಣ್ಣ ಲಿಂಫ್ ಗ್ರಂಥಿಗಳು.

ಕತ್ತಲ್ಲಿ ಊದಿದ ಗಂಟೇ ಇಲ್ಲ! ಕೈಗೆ ಸಿಗಲ್ಲ, ಸ್ಕ್ಯಾನಲ್ಲೂ ಇಲ್ಲ. ನಾನು ಸುಮ್ನಿರೋ ಆಸಾಮಿನಾ, ಬಿಲ್ ಏರ್ಸೋಕೆ ಕತ್ತು ಕುಯ್ತೀರಾ ಅಂತ ಕೂಗಾಡ್ದೆ. ಆ ಹುಡುಗ ಡಾಕ್ಟ್ರು, ಪಾಪ, ನನ್ ಮಗನ ವಯಸ್ಸು, ಕಣ್ಣಿಗೆ ಕಾಣದಷ್ಟು ಸಣ್ಣದು ಒಳಗೆ ಇಳಿದಿರಬಹುದು ಸಾರ್, ಟಾಟಾದವರ ಟ್ರಯಲ್ ಇದೆ ಓದಿ ಅಂದ. ರಾತ್ರಿ ವಾರ್ಡ್ ಹೊರಗಿನ ಬೆಂಚಲ್ಲಿ ಕೂತು ಮೊಬೈಲಲ್ಲಿ ಹುಡುಕ್ದೆ.

ಆಗ ಮುಂಬೈ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದ ಅನಿಲ್ ಡಿಕ್ರೂಜ್ ಮತ್ತವರ ತಂಡ ಮಾಡಿದ್ದು. ನನ್ನ ಜಗಳವನ್ನೇ ಡಾಕ್ಟ್ರುಗಳು ಎಷ್ಟೋ ದಶಕಗಳಿಂದ ಅವರವರಲ್ಲೇ ಆಡ್ತಿದ್ರಂತೆ, ಈಗಲೇ ಕತ್ತು ಕುಯ್ಯೋದಾ ಅಥವಾ ಗಂಟು ಕಾಣಿಸ್ಕೊಂಡ್ಮೇಲೆ ನೋಡೋಣವಾ. ಇವ್ರು 2004ರಲ್ಲಿ ಶುರು ಮಾಡಿ ಹತ್ತು ವರ್ಷ, ಸುಮಾರು 600 ಜನ ಪೇಷೆಂಟ್‌ಗಳನ್ನ ಸೇರಿಸ್ಕೊಂಡು, ಯಾರು ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿದ ಹಾಗೆ ಹಂಚಿ, ಕಾದು ನೋಡಿದ್ರು. ಮೊದಲ 500 ಜನರ ಲೆಕ್ಕ ತೆಗೆದ್ರೆ, ಆಗಲೇ ಕತ್ತು ಕ್ಲಿಯರ್ ಮಾಡ್ಸಿದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ನೂರಕ್ಕೆ 80, ಕಾಯ್ದವರಲ್ಲಿ 67.5. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಅಮೆರಿಕದ ಕ್ಯಾನ್ಸರ್ ಡಾಕ್ಟ್ರುಗಳ ದೊಡ್ಡ ಸಮ್ಮೇಳನದ ಮುಖ್ಯ ವೇದಿಕೆಯಲ್ಲೇ ಓದಿದ್ರು.

ನನಗೆ ಹೊಟ್ಟೆ ಉರಿಯೋದು ಇಲ್ಲಿ. ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ ಮೂರು, ಅದರ ಮೇಲಿನ ಸೂಪರ್ ಸ್ಪೆಷಾಲಿಟಿ ಎಂಸಿಎಚ್ ಇನ್ನೊಂದು ಮೂರು, ಇಷ್ಟೆಲ್ಲಾ ಓದಿ ಟೀಚಿಂಗ್ ಆಸ್ಪತ್ರೆಯಲ್ಲೇ ಉಳಿದವನನ್ನ ಮದುವೆ ಮನೇಲಿ ನಾವು ಕೇಳೋದೇನು? "ಇನ್ನೂ ಸ್ವಂತ ಪ್ರಾಕ್ಟೀಸ್ ಶುರು ಮಾಡಿಲ್ವೇನಪ್ಪಾ?" ದವಡೆ ತೆಗೆದು ಕಾಲಿನ ಮೂಳೆ ತಂದು ಕೂರ್ಸೋ ಆಪರೇಷನ್ ಅಂದ್ರೆ ಬೆಳಿಗ್ಗೆ ಒಳಗೆ ಹೋದವ್ರು ಹೊರಗೆ ಬರೋದು ಸಂಜೆಗೆ, ಅದಾದ್ಮೇಲೆ ಪಿಜಿ ಹುಡುಗರಿಗೆ ಪಾಠ, ಅದಾದ್ಮೇಲೆ ಫಾಲೋಅಪ್ಪಿಗೆ ಬರದವರಿಗೆ ಫೋನು. ಈ ಕೊನೇದೇ ಟ್ರಯಲ್‌ನ ಜೀವ, ಊರಿಗೆ ಹೋದವ್ನು ಬದುಕಿದಾನೋ ಇಲ್ವೋ ಅಂತ ವರ್ಷಗಟ್ಟಲೆ ಬೆನ್ನು ಬೀಳದೆ ಆ 80 ಅನ್ನೋ ನಂಬರ್ ಹುಟ್ಟೋದೇ ಇಲ್ಲ. ಒಳ್ಳೇ ಕೈಗುಣ ಇರೋ ಸರ್ಜನ್ ತನ್ನ ಟೇಬಲ್ ಮೇಲೆ ಮಲಗಿದವರನ್ನ ಉಳಿಸ್ತಾನೆ ಸರಿ, ಆದ್ರೆ ಡಿಕ್ರೂಜ್ ನಮ್ಮ ಚಿಕ್ಕಪ್ಪನ ಮುಖ ಕೂಡ ನೋಡಿಲ್ಲ.

(ಅಡಿಕೆ ಬಗ್ಗೆ ಒಂದು ಮಾತು, ನಮ್ದೂ ತೋಟ ಇದೆ, ಬೈಕೋಬೇಡಿ. ತಂಬಾಕು ಇಲ್ದಿದ್ರೂ ಬರೀ ಅಡಿಕೆನೂ ಕ್ಯಾನ್ಸರ್ ತರತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿಯಾಗಿದೆ.)

ಸಹಿ ಹಾಕ್ದೆ. ಆಪರೇಷನ್ ಆಗಿ ರಿಪೋರ್ಟ್ ಬಂತು, ತೆಗೆದ ಗಂಟುಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಇತ್ತು. ಆ ಹುಡುಗ ಡಾಕ್ಟ್ರ ಹತ್ರ ಹೋಗಿ ಸಾರಿ ಕೇಳ್ದೆ, ಪರ್ವಾಗಿಲ್ಲ ಸಾರ್ ಎಲ್ರೂ ಕೇಳ್ತಾರೆ ಅಂದ. ಚಿಕ್ಕಪ್ಪನದು ಈಗ ಒಂದೇ ಕಂಪ್ಲೇಂಟು, ಶೇವ್ ಮಾಡ್ಕೊಳೋವಾಗ ಆ ಕಡೆ ಕಿವಿ ಹಾಲೆ ಮರಗಟ್ಟಿದ ಹಾಗಿರತ್ತಂತೆ, ಸೋಪು ಹತ್ತಿದ್ರೂ ಗೊತ್ತಾಗಲ್ವಂತೆ.