ಕೊನೆಯ ನಂಬರ್ 1000 ಅಂದ ಮಾತ್ರಕ್ಕೆ ಸಾವಿರ ಸಾಲಲ್ಲ

ಬೇಸಿಕ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಂಗಳ ಮಾತು ಬಂದಾಗೆಲ್ಲ ‘ಅದು ಸಾವಿರ ಸಾಲಿನ ಪ್ರೋಗ್ರಾಂ’ ಅಂತ ಒಬ್ಬರು ಹೇಳುತ್ತಾರೆ. ‘ಬರೀ ಅರವತ್ತು ಸಾಲು, ಅದರಲ್ಲೇನಿದೆ’ ಅಂತ ಇನ್ನೊಬ್ಬರು. ಎರಡನ್ನೂ ನಾನು ಒಪ್ಪುವುದಿಲ್ಲ. ಬೇಸಿಕ್‌ನಲ್ಲಿ ಎಣಿಸಬೇಕಾದ್ದು ಸಾಲುಗಳನ್ನಲ್ಲ, ಸ್ಟೇಟ್‌ಮೆಂಟ್‌ಗಳನ್ನು, ಅಂದರೆ ಯಂತ್ರಕ್ಕೆ ಕೊಡುವ ಒಂದೊಂದು ಆದೇಶವನ್ನು.

ಮೊದಲನೆಯ ತಪ್ಪು ಸುಲಭದ್ದು. ಹಳೇ ಬೇಸಿಕ್‌ನಲ್ಲಿ ಪ್ರತಿ ಸಾಲಿನ ಮುಂದೆಯೂ ಒಂದು ನಂಬರ್ ಇರುತ್ತಿತ್ತು. ನಮ್ಮಲ್ಲಿ ಹಳೇ ಪಿಸಿಗಳ ಜಿಡಬ್ಲ್ಯೂ ಬೇಸಿಕ್ ಕಲಿತವರಿಗೆ ನೆನಪಿರುತ್ತದೆ, ‘ಆಟೋ’ ಅಂತ ಕೊಟ್ಟರೆ 10, 20, 30 ತಾನಾಗಿ ಬರುತ್ತಿತ್ತು. ನಡುವೆ ಏನಾದರೂ ಬಿಟ್ಟುಹೋಗಿದ್ದರೆ 15 ಅಂತ ಹಾಕಿ ಸೇರಿಸಲು ಇಟ್ಟ ಜಾಗ ಅದು. ಲ್ಯಾಬ್ ರೆಕಾರ್ಡ್‌ನಲ್ಲಿ ಕೊನೆಯ ನಂಬರ್ 240 ಇದ್ದರೆ ಸಾಲು ಇಪ್ಪತ್ತನಾಲ್ಕರ ಆಸುಪಾಸು, ಅಷ್ಟೇ.

ನಿಜವಾದ ತೊಡಕು ಕೋಲನ್‌ನದ್ದು (:). ಒಂದೇ ಸಾಲಿನಲ್ಲಿರುವ ಸ್ಟೇಟ್‌ಮೆಂಟ್‌ಗಳನ್ನು ಬೇರೆ ಮಾಡುವ ಚಿಹ್ನೆ ಅದು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಬೇಸಿಕ್ ಶುರು ಮಾಡಿದಾಗ ಒಂದು ಸಾಲಿಗೆ ಒಂದೇ ಸ್ಟೇಟ್‌ಮೆಂಟ್. ಆಗ ಎರಡೂ ಲೆಕ್ಕ ಒಂದೇ. ಆಮೇಲೆ ಮನೆಗಳಿಗೆ ಸಣ್ಣ ಕಂಪ್ಯೂಟರ್ ಬಂತು, ಮೆಮೊರಿಗೆ ಬರ ಬಂತು. ಕಮೊಡೋರ್ ವಿಕ್-20 ಆನ್ ಮಾಡಿದರೆ 3583 ಬೈಟ್ ಖಾಲಿ ಇದೆ ಅಂತ ತೋರಿಸುತ್ತಿತ್ತು. ಅಷ್ಟರಲ್ಲೇ ಇಡೀ ಆಟ ಹಿಡಿಸಬೇಕು! ಆ ಯಂತ್ರದಲ್ಲಿ ಪ್ರತಿ ಸಾಲಿಗೂ ಸುಮ್ನೆ ಐದು ಬೈಟ್ ಹೋಗುತ್ತದೆ: ಮುಂದಿನ ಸಾಲಿನ ವಿಳಾಸಕ್ಕೆ ಎರಡು, ನಂಬರಿಗೆ ಎರಡು, ಕೊನೆಯ ಸೊನ್ನೆಗೆ ಒಂದು. ಕೋಲನ್ ಹಾಕಿ ಹಿಂದಿನ ಸಾಲಿಗೇ ಸೇರಿಸಿದರೆ ಒಂದೇ ಬೈಟ್. ಜೊತೆಗೆ ಗೋಟು (ಇಂಥ ನಂಬರಿನ ಸಾಲಿಗೆ ಹೋಗು ಅನ್ನುವ ಆದೇಶ) ಬಂದಾಗ ಯಂತ್ರ ಸಾಲುಗಳನ್ನು ಒಂದೊಂದಾಗಿ ದಾಟಿಕೊಂಡು ಹುಡುಕುತ್ತದೆ. ಸಾಲು ಕಡಿಮೆ ಇದ್ದಷ್ಟೂ ಓಟ ಜೋರು. ಹಾಗಾಗಿ ಜನ ಒಂದೇ ಸಾಲಿಗೆ ಏಳೆಂಟು ಕೆಲಸ ತುರುಕಿದರು. ಪ್ರಿಂಟ್ ಬದಲು ಪ್ರಶ್ನೆ ಚಿಹ್ನೆ ಹಾಕಿ ಇನ್ನೂ ಜಾಸ್ತಿ ತುಂಬಿದರು. ಅದು ಬಡತನದಲ್ಲಿ ಹುಟ್ಟಿದ ಜಾಣತನ. ಅಂಥ ಅರವತ್ತು ಸಾಲನ್ನು ‘ಬರೀ ಅರವತ್ತು’ ಅನ್ನುವುದು ಬರೆದವರಿಗೆ ಮಾಡುವ ಅನ್ಯಾಯ, ಅಲ್ವಾ?

ಸಿಂಕ್ಲೇರ್ ಕಂಪನಿಯ ಮನೆ ಕಂಪ್ಯೂಟರ್‌ಗಳನ್ನೇ ನೋಡಿ. 1981ರ ಝಡ್‌ಎಕ್ಸ್ 81ರಲ್ಲಿ ಸಾಲಿಗೊಂದೇ ಸ್ಟೇಟ್‌ಮೆಂಟ್. ಮರುವರ್ಷದ ಸ್ಪೆಕ್ಟ್ರಂನಲ್ಲಿ ಕೋಲನ್ ಬಂತು. ಅದೇ ಆಟ, ಅದೇ ಕೆಲಸ, ಸಾಲಿನ ಲೆಕ್ಕ ಮಾತ್ರ ಬೇರೆ. ಇಂಥ ಅಳತೆ ಇಟ್ಟುಕೊಂಡು ಎರಡು ಪ್ರೋಗ್ರಾಂಗಳನ್ನು ಹೋಲಿಸುವುದಾದರೂ ಹೇಗೆ?

ಹಾಗಂತ ಕೋಲನ್ ಎಣಿಸಿ ಒಂದು ಕೂಡಿಸಿದರೂ ಆಗುವುದಿಲ್ಲ. ಉದ್ಧರಣ ಚಿಹ್ನೆಯೊಳಗಿನ ಕೋಲನ್ ಬರೀ ಅಕ್ಷರ. ರೆಮ್ ಆದಮೇಲೆ ಬರುವ ಕೋಲನ್ ಟಿಪ್ಪಣಿಯ ಭಾಗ. ಜಿಡಬ್ಲ್ಯೂ ಬೇಸಿಕ್‌ನಲ್ಲಿ ಇನ್ನೊಂದು ಗುಟ್ಟಿದೆ. ಸುಮ್ನೆ ಸೇವ್ ಮಾಡಿದರೆ ಫೈಲ್ ಟೋಕನ್ ರೂಪದಲ್ಲಿ, ಅಂದರೆ ಪದಗಳ ಬದಲು ಸಂಕೇತಗಳಾಗಿ, ಕೂರುತ್ತದೆ. ಅದರಲ್ಲಿ ಎಲ್ಸ್‌ನ (‘ಇಲ್ಲದಿದ್ದರೆ’) ಹಿಂದೆ, ಪ್ರೋಗ್ರಾಂ ಅನ್ನು ತೆರೆಯ ಮೇಲೆ ಲಿಸ್ಟ್ ಮಾಡಿದಾಗ ಕಾಣದ ಒಂದು ಕೋಲನ್ ಅಡಗಿರುತ್ತದೆ. ನೇರವಾಗಿ ಆ ಫೈಲನ್ನೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸೇವ್ ಮಾಡುವಾಗ ಕಾಮಾ ಹಾಕಿ ‘ಎ’ ಕೊಟ್ಟು, ಓದಲು ಬರುವ ಫೈಲ್ ತೆಗೆದುಕೊಂಡೇ ಎಣಿಸಬೇಕು.

ಇಫ್ (‘ಹೀಗಿದ್ದರೆ’ ಅನ್ನುವ ಷರತ್ತು) ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಈ ಸಾಲು ನೋಡಿ:

100 ಇಫ್ ಎ=1 ದೆನ್ ಬಿ=2 : ಸಿ=3 : ಗೋಟು 200

ನಂಬರ್ ಪ್ರಕಾರ ಇದು ಒಂದು. ಕೋಲನ್ ಪ್ರಕಾರ ಮೂರು. ಷರತ್ತನ್ನೂ ಬೇರೆಯಾಗಿ ಹಿಡಿದರೆ ನಾಲ್ಕು. ನಾನು ನಾಲ್ಕು ಅನ್ನುತ್ತೇನೆ, ಏಕೆಂದರೆ ಬರೆದವರು ಯೋಚಿಸಿದ್ದು ನಾಲ್ಕು ಸಂಗತಿ. ಎ ಒಂದಲ್ಲದಿದ್ದರೆ ಉಳಿದ ಮೂರೂ ನಡೆಯುವುದಿಲ್ಲ. ಕೆಲವರು ಎಣಿಸಲು ಸುಲಭವಾಗಲಿ ಅಂತ ಕೋಲನ್ ಇದ್ದಲ್ಲೆಲ್ಲ ಸಾಲು ಮುರಿದು ಹೊಸ ನಂಬರ್ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗ ಎ ಏನೇ ಇರಲಿ, ಸಿ=3 ಆಗಿಬಿಡುತ್ತದೆ. ಪ್ರೋಗ್ರಾಂ ಕೆಡುತ್ತದೆ.

ಡೇಟಾ ಸಾಲುಗಳನ್ನು, ಅಂದರೆ ಪ್ರೋಗ್ರಾಂ ಓದಿಕೊಳ್ಳುವ ಬರೀ ಅಂಕಿ, ಪದಗಳ ಸಾಲುಗಳನ್ನು, ಬೇರೆಯೇ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ. ಆಗಿನ ಪತ್ರಿಕೆಗಳಲ್ಲಿ ಬಂದ ಎಷ್ಟೋ ಲಿಸ್ಟಿಂಗ್‌ಗಳಲ್ಲಿ ಪುಟಗಟ್ಟಲೆ ಡೇಟಾ ಇರುತ್ತಿತ್ತು. ಎಷ್ಟೋ ಸಲ ಅದು ಯಂತ್ರ ನೇರವಾಗಿ ನಡೆಸುವ, ನಂಬರ್ ರೂಪದ ಮಷೀನ್ ಕೋಡ್. ಪತ್ರಿಕೆ ನೋಡಿ ಟೈಪ್ ಮಾಡುವವರಿಗೆ ಅದು ದೊಡ್ಡ ಕಷ್ಟ, ನಿಜ. ಆದರೆ ಅದು ಬೇಸಿಕ್‌ನ ತರ್ಕ ಅಲ್ಲ. ರೆಮ್ ಅನ್ನೂ ಕೋಡ್ ಲೆಕ್ಕಕ್ಕೆ ಸೇರಿಸಬಾರದು.

ಹಳೇ ಫ್ಲಾಪಿ, ಕ್ಯಾಸೆಟ್‌ಗಳಿಂದ ಪ್ರೋಗ್ರಾಂ ತೆಗೆದು ಹಂಚುವವರಲ್ಲಿ ಒಂದು ಕೇಳಿಕೆ. ಯಾವ ಯಂತ್ರ, ಯಾವ ಬೇಸಿಕ್, ಎಷ್ಟು ಸಾಲು, ಎಷ್ಟು ಸ್ಟೇಟ್‌ಮೆಂಟ್, ಡೇಟಾ ಎಷ್ಟು ಅಂತ ಜೊತೆಗೇ ಬರೆಯಿರಿ. ಮೂಲ ಲಿಸ್ಟಿಂಗ್‌ನ ಸಾಲುಗಳನ್ನು ಮಾತ್ರ ಮುಟ್ಟಬೇಡಿ, ಇದ್ದ ಹಾಗೇ ಇಡಿ.